ಗಣಿತವನ್ನು ಬಿಸಿಲಿಗೆ ಹರವಿದ ದಿನ

ಕೊಡಗು ತನ್ನಷ್ಟಕ್ಕೆ ತಾನೇ ಒಂದು ರಾಜ್ಯವಾಗಿದ್ದ ಕಾಲದಲ್ಲಿ ನಾನು ಮಡಿಕೇರಿಯ ಕಾಲೇಜಿಗೆ ಸೇರಿದೆ. ರಾಜ್ಯ ಎಷ್ಟು ಚಿಕ್ಕದೋ ಕಾಲೇಜಿನ ಲೈಬ್ರರಿಯೂ ಅಷ್ಟೇ ಚಿಕ್ಕದು. ಜಂಬಕ್ಕೆ ಮಾತ್ರ ಎರಡೂ ಕಡೆ ಕೊರತೆ ಇರಲಿಲ್ಲ. ನನಗೆ ಗಣಿತ ಬೇಕಿತ್ತು. ಸುಮ್ಮನೆ ಬೇಕಿತ್ತು ಅಂತಲ್ಲ, ಊಟ ಬಿಟ್ಟು, ಮುಖ ಊದಿಸಿಕೊಂಡು, ಅಪ್ಪನನ್ನು ಒಪ್ಪಿಸಿ ಬಂದಿದ್ದೆ. ಗಣಿತದ ಮೇಷ್ಟ್ರು ನನ್ನನ್ನು ಕನ್ನಡಕದ ಮೇಲಿನಿಂದ ನೋಡಿದರು.

"ನೋಡಮ್ಮ, ನನ್ನ ಕ್ಲಾಸಲ್ಲಿ ಒಬ್ಬ ಹುಡುಗಿಯೂ ಇಲ್ಲ. ನಿಮಗೆಲ್ಲ ಹಿಸ್ಟರಿ ಚೆನ್ನಾಗಿರುತ್ತೆ. ಹಿಸ್ಟರಿ ತಗೋ."

"ಹಾಗಾದ್ರೆ ಗಣಿತದ ಹಿಸ್ಟರಿ ತಗೊಳ್ತೇನೆ ಸಾರ್" ಎಂದೆ.

ನನ್ನ ಬಾಯಿ ಯಾವತ್ತೂ ಹಾಗೆಯೇ, ತಲೆಯ ಅಪ್ಪಣೆಗೆ ಕಾಯುವುದಿಲ್ಲ. ಮೇಷ್ಟ್ರು ಮೈಸೂರಿನ ಕಡೆಯವರು, ಮರ್ಯಾದಸ್ಥರು, ಗದರಲಿಲ್ಲ. ಮೀಸೆಯೊಳಗೇ ನಕ್ಕರು.

"ಸರಿ. ಗಣಿತದ ಚರಿತ್ರೆ ಮೇಲೆ ಲೈಬ್ರರಿಯಲ್ಲಿ ಒಂದು ಇಂಗ್ಲಿಷ್ ಪುಸ್ತಕ ಇದೆ. ನಾನೇ ತರಿಸಿದ್ದು. ಅದನ್ನ ಅರೆದು ಕುಡಿದಿದೀನಿ. ನೀನೂ ಓದಿ, ದಸರಾ ರಜೆಯೊಳಗೆ ಒಂದು ಪ್ರಬಂಧ ಬರೆದು ತಾ. ಚೆನ್ನಾಗಿದ್ದರೆ ನನ್ನ ಕ್ಲಾಸಿಗೆ ಬಾ. ಇಲ್ಲವಾದರೆ ತೆಪ್ಪಗೆ ಹಿಸ್ಟರಿ."

ಇಷ್ಟೇನಾ ಎಂದುಕೊಂಡು ಕುಣಿಯುತ್ತಾ ಲೈಬ್ರರಿಗೆ ಹೋದೆ. ಅಲ್ಲಿ ಕೂತಿದ್ದವರು ಕುಟ್ಟದ ಕಡೆಯ ಮಲಯಾಳಿ. ಅಮ್ಮತ್ತಿ ಹತ್ತಿರದ ಒಂದು ಎಸ್ಟೇಟಿನಲ್ಲಿ ಬಹಳ ವರ್ಷ ರೈಟರ್ ಆಗಿದ್ದು, ಆಳುಗಳ ಹಾಜರಿ ಹಾಕಿ, ಕಾಫಿ ತೂಗಿಸಿ, ಕಾಲು ನೋವು ಬಂದ ಮೇಲೆ ಪುಸ್ತಕ ಕಾಯಲು ಬಂದಿದ್ದರು. ಇಲ್ಲಿಯೂ ಎಲ್ಲರೂ ಅವರನ್ನು ರೈಟರ್ ಎಂದೇ ಕರೆಯುತ್ತಿದ್ದರು. ಪುಣ್ಯಾತ್ಮರು ಲೈಬ್ರರಿಯನ್ನು ತಮಗೆ ಗೊತ್ತಿದ್ದ ಹಾಗೆ ಜೋಡಿಸಿದ್ದರು. ಜರಡಿಯಲ್ಲಿ ಕಾಫಿ ಬೀಜ ಬೇರೆ ಮಾಡುತ್ತಾರಲ್ಲ, ಹಾಗೆ. ದೊಡ್ಡವು ಒಂದು ಬೀರು, ಮಧ್ಯಮದವು ಒಂದು ಬೀರು, ಸಣ್ಣವು ಒಂದು ಬೀರು. ಗಿಡ್ಡಗೆ ದಪ್ಪಗೆ ಇರುವುದಕ್ಕೆ ಗುಂಡು ಕಾಫಿಯ ಹೆಸರನ್ನೇ ಇಟ್ಟು 'ಪೀಬರಿ' ಎಂದು ಬೇರೆ ಬೀರು ಮಾಡಿದ್ದರು. ಕಾವ್ಯದ ಪಕ್ಕ ದನದ ರೋಗ, ಅದರ ಪಕ್ಕ ಉಪನಿಷತ್ತು! ನೋಡಲು ಮಾತ್ರ ಬಲು ಚೆಂದ, ಒಂದು ಕೂದಲೆಳೆ ಏರುಪೇರಿಲ್ಲ.

"ಎಷ್ಟು ದೊಡ್ಡ ಪುಸ್ತಕ ಮೋಳೇ?" ಎಂದು, ತಮ್ಮ ಮಲಯಾಳದಲ್ಲಿ ಮಗಳೇ ಎಂದು ಕರೆದು, ಕೇಳಿದರು.

"ನಾನು ನೋಡಿಲ್ಲ ರೈಟರೇ. ಗಣಿತದ ಚರಿತ್ರೆ."

"ಒಳಗೆ ಎಂತ ಉಂಟು ಅಂತ ನಂಗೆ ಬೇಡ. ಉದ್ದ ಹೇಳು, ದಪ್ಪ ಹೇಳು. ಈಗಲೇ ತೆಗ್ದು ಕೊಡ್ತೇನೆ."

"ನಾನೇ ಹುಡುಕಿಕೊಳ್ಳಲಾ?"

"ಗೋಡೌನಿನೊಳಗೆ ಆಳುಗಳನ್ನ ಬಿಡುದುಂಟಾ?"

ಮೇಷ್ಟ್ರ ಬಳಿಗೇ ಓಡಿದೆ. "ಸಾರ್, ಆ ಪುಸ್ತಕ ಎಷ್ಟು ದಪ್ಪ?"

"ಪುಸ್ತಕವನ್ನ ದಪ್ಪದಿಂದ ಅಳೆಯೋಳಿಗೆ ಗಣಿತ ಯಾಕಮ್ಮ?" ಎಂದವರೇ ಕೊಡೆ ಬಿಚ್ಚಿ ಮಳೆಗೆ ಇಳಿದುಬಿಟ್ಟರು. ಕ್ಲಾಸಿಗೆ ಇನ್ನೂ ಹೊತ್ತಿತ್ತು. ಅವರ ಆ ಅವಸರ ನನಗೆ ಅಂದು ಅರ್ಥವಾಗಲಿಲ್ಲ.

ಮಳೆಗಾಲ ಪೂರ್ತಿ ಹಿಸ್ಟರಿ ಕ್ಲಾಸಿನಲ್ಲಿ ಕೂತು ರಾಜರು ಸಾಯುವುದನ್ನು ಕೇಳಿದೆ. ಪಕ್ಕದ ಕೋಣೆಯಿಂದ ಕರಿಹಲಗೆಯ ಮೇಲೆ ಸೀಮೆಸುಣ್ಣ ಓಡುವ ಸದ್ದು ಬರುತ್ತಿತ್ತು. ಕೇಳಿದಾಗೆಲ್ಲ ಹೊಟ್ಟೆ ಉರಿಯುತ್ತಿತ್ತು. ದಸರಾ ಹತ್ತಿರ ಬಂತು. ಕಡೆಗೆ ಒಂದು ದಿನ ಬೀರುವಿನ ಗಾಜಿಗೆ ಮೂಗೊತ್ತಿ ನಿಂತಾಗ ಪುಸ್ತಕಗಳ ಬೆನ್ನಿನ ಮೇಲೆ ಬೆಳ್ಳಗೆ ಏನೋ ಕಂಡಿತು. ಆಹಾ, ಬೂಷ್ಟು! ನನ್ನ ಜನ್ಮದಲ್ಲಿ ಬೂಷ್ಟು ನೋಡಿ ಖುಷಿಪಟ್ಟದ್ದು ಅದೊಂದೇ ಸಲ.

"ರೈಟರೇ, ಕಾಫಿಗೆ ಹೀಗೆ ಬೂಷ್ಟು ಹಿಡಿದಿದ್ದರೆ ನಿಮ್ಮ ಎಸ್ಟೇಟಿನ ದೊರೆ ಎಂತ ಮಾಡ್ತಿದ್ದ?"

ಅವರ ಮುಖ ಸುಣ್ಣ ಬಳಿದಂತಾಯಿತು. "ಅಯ್ಯೋ ದೇವರೇ, ಕೊಂದೇ ಹಾಕ್ತಿದ್ದ!"

"ಬಿಸಿಲು ಬಂದಿದೆ. ಅಂಗಳಕ್ಕೆ ಹರವುವಾ. ತಿರುಗಿಸಲಿಕ್ಕೆ ಆಳು ಬೇಕಾದ್ರೆ ನಾನಿದ್ದೇನೆ."

ಮರುದಿನ ಬೆಳಿಗ್ಗೆ ಕಾಲೇಜಿನ ಅಂಗಳ ಕಾಫಿ ಕಣವಾಯಿತು. ಗೋಣಿ ತಾಟಿನ ಮೇಲೆ ಸಾಲುಸಾಲು ಪುಸ್ತಕ. ರೈಟರು ಟೋಪಿ ಹಾಕಿ, ಕೋಲು ಹಿಡಿದು, ಹಳೆಯ ಗತ್ತಿನಲ್ಲಿ ನಿಂತರು. "ತಿರುಗಿಸ್ತಾ ಇರ್ಬೇಕು ಮೋಳೇ! ಒಂದು ಹಾಳೆ ಹಸಿ ಉಳಿದರೂ ಇಡೀ ಮೂಟೆ ಹಾಳು!" ಪುಸ್ತಕ ಮುಟ್ಟಬೇಡ ಎಂದವರೇ ಈಗ ಪ್ರತಿ ಹಾಳೆಯನ್ನೂ ತಿರುಗಿಸು ಎಂದು ಗದರುತ್ತಿದ್ದರು. ನನಗೆ ಇನ್ನೇನು ಬೇಕು?

ಪೀಬರಿ ಸಾಲಿನಲ್ಲಿ, ಕೋಳಿ ಸಾಕಣೆಯ ಪಕ್ಕ, ಅದು ಸಿಕ್ಕಿತು. ಕೆಂಪು ಬಟ್ಟೆ ರಟ್ಟು. ತೆರೆದರೆ ಹಾಳೆಗಳನ್ನು ಬಿಡಿಸಲೇ ಆಗುತ್ತಿಲ್ಲ. ಆಗಿನ ಕೆಲವು ಪುಸ್ತಕಗಳು ಮಡಿಕೆ ಸೀಳದೆಯೇ ಬರುತ್ತಿದ್ದವು, ಓದುವವರು ಚಾಕುವಿನಿಂದ ಅಂಚು ಬಿಡಿಸಿಕೊಳ್ಳಬೇಕಿತ್ತು. ಇದರಲ್ಲಿ ಮೊದಲಿನಿಂದ ಕೊನೆಯವರೆಗೆ ಒಂದೂ ಬಿಡಿಸಿರಲಿಲ್ಲ. ಮೇಷ್ಟ್ರು ಮುಚ್ಚಳ ತೆಗೆಯದೆಯೇ ಅರೆದು ಕುಡಿದಿದ್ದರು! ನನಗೆ ನಗು ತಡೆಯಲಾಗಲಿಲ್ಲ. ರೈಟರು ಬಗ್ಗಿ ನೋಡಿ ಹೌಹಾರಿದರು. "ಒಳಗೆ ಗಾಳಿಯೇ ಆಡ್ಲಿಲ್ಲ! ಸೀಳು, ಸೀಳು" ಎಂದು ಜೇಬಿನಿಂದ ಕಸಿ ಕಟ್ಟುವ ಚಾಕು ತೆಗೆದುಕೊಟ್ಟರು.

ಸೀಳುತ್ತಾ ಓದಿದೆ, ಓದುತ್ತಾ ಒಣಗಿಸಿದೆ. ಬಿಸಿಲು ಇದ್ದಷ್ಟು ದಿನ ಅದೇ ಕೆಲಸ. ಗೊತ್ತಾಗದ ಇಂಗ್ಲಿಷನ್ನು ಹಾರಿಸಿದೆ, ಗೊತ್ತಾದ ಜಗಳಗಳನ್ನು ಚಪ್ಪರಿಸಿದೆ. ಒಂದು ಸಮೀಕರಣದ ಗುಟ್ಟಿಗಾಗಿ ಇಬ್ಬರು ಪಂಡಿತರು ಊರೆದುರು ಕಚ್ಚಾಡಿದ್ದರಂತೆ. ಆಮೇಲೆ ಒಂದು ಹಾಳೆ ಬಿಡಿಸಿದಾಗ ಫ್ರಾನ್ಸಿನ ಒಬ್ಬ ಹುಡುಗಿ ಸಿಕ್ಕಳು. ಹುಡುಗಿಗೆ ಗಣಿತ ಯಾಕೆಂದು ಮನೆಯವರು ದೀಪ ಕಿತ್ತುಕೊಂಡರಂತೆ, ಬೆಂಕಿ ಆರಿಸಿದರಂತೆ. ಅವಳು ಬಿಡಲಿಲ್ಲ. ದೊಡ್ಡ ಗಣಿತಗಾರರಿಗೆ ಗಂಡಸಿನ ಹೆಸರಿನಲ್ಲಿ ಬರೆದಳಂತೆ. ಸುಡುಬಿಸಿಲಲ್ಲಿ ಕೂತಿದ್ದರೂ ನನ್ನ ಮೈ ಜುಮ್ಮೆಂದಿತು. ಸಿಟ್ಟು ಬಂತು, ಅಳು ಬಂತು, ಅವಳನ್ನು ತಬ್ಬಿಕೊಳ್ಳಬೇಕು ಅನ್ನಿಸಿತು.

ಪ್ರಬಂಧವನ್ನು ಅವಳಿಂದಲೇ ಶುರುಮಾಡಿದೆ. ಮೇಷ್ಟ್ರು ಓದುತ್ತಾ ಓದುತ್ತಾ ಹುಬ್ಬು ಗಂಟಿಕ್ಕಿದರು. "ಈ ಹುಡುಗಿ ಕಥೆ ಎಲ್ಲಿಂದ ತಂದೆ? ಆ ಪುಸ್ತಕದಲ್ಲಿ ಇದೆಲ್ಲ ಇಲ್ಲ."

"ಇದೆ ಸಾರ್."

"ನಾನು ಓದಿರೋ ಪುಸ್ತಕಮ್ಮ ಅದು!"

"ಹಾಗಾದ್ರೆ ಬನ್ನಿ ಸಾರ್, ನೋಡುವಾ" ಎಂದು ಸಾಧುಪ್ರಾಣಿಯಂತೆ ಲೈಬ್ರರಿಗೆ ಕರೆದುಕೊಂಡು ಹೋದೆ. ರೈಟರು ಪುಸ್ತಕವನ್ನು ಹೆಮ್ಮೆಯಿಂದ ಮೇಜಿನ ಮೇಲಿಟ್ಟರು. "ನೋಡಿ ಸಾರ್, ಹೇಗೆ ಒಣಗಿದೆ! ಬಂದಾಗಿಂದ ಒಂದು ಹಾಳೆ ಬಿಡಿಸಿರ್ಲಿಲ್ಲ. ಎಲ್ಲ ಈ ಮೋಳ್ ಸೀಳಿದ್ದು."

ಮೇಷ್ಟ್ರ ಕಿವಿ ಕೆಂಪಗಾಯಿತು. ನಾನು ನಗು ಬಾರದಿರಲೆಂದು ಕೆನ್ನೆಯ ಒಳಭಾಗ ಕಚ್ಚಿಕೊಂಡೆ. ಅವರು ಆ ಹುಡುಗಿಯ ಪುಟ ತೆಗೆದು ನಿಂತೇ ಓದಿದರು. ಮುಗಿದ ಮೇಲೆ ಮೆಲ್ಲಗೆ ಹೇಳಿದರು, "ಎಷ್ಟು ಆಸೆಯಿಂದ ತರಿಸಿದ್ದೆ ಗೊತ್ತಾ? ಬಂದ ಮೇಲೆ ಎಲ್ಲಿ ಇಟ್ಟರೋ ಸಿಗಲೇ ಇಲ್ಲ. ಅಷ್ಟರಲ್ಲಿ ಓದಿದೀನಿ ಅಂತ ಎಲ್ಲರ ಹತ್ತಿರ ಹೇಳಿಬಿಟ್ಟಿದ್ದೆ. ಆಮೇಲೆ ಕೇಳೋದು ಹೇಗಮ್ಮ?"

ನನ್ನ ನಗು ಅಲ್ಲಿಗೇ ನಿಂತಿತು. ಇಷ್ಟು ನಾಚಿಕೆಪಡಿಸಿದವಳನ್ನು ಯಾವ ಮೇಷ್ಟ್ರು ಕ್ಲಾಸಿಗೆ ಸೇರಿಸುತ್ತಾರೆ? ಗಣಿತ ಕೈತಪ್ಪಿ ಹೋಯಿತು ಅನ್ನಿಸಿತು. ಆದರೂ ಈ ಬಾಯಿ ಸುಮ್ಮನಿರಬೇಕಲ್ಲ.

"ಬೇಕಾದ್ರೆ ನಾನೂ ನಮ್ಮ ಅಣ್ಣನ ಹೆಸರಲ್ಲಿ ಕ್ಲಾಸಿಗೆ ಬರ್ತೇನೆ ಸಾರ್."

ಮೇಷ್ಟ್ರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿಕೊಂಡರು.

"ಬೇಡಮ್ಮ" ಎಂದರು. "ನಿನ್ನ ಹೆಸರಲ್ಲೇ ಬಾ."