ಕಿತ್ತಳೆ ರಿಬ್ಬನ್ನಿನ ಕೀ

ಇದೆಲ್ಲ ಹೀಗೆಯೇ ನಡೆಯಿತೆಂದು ಆಣೆ ಮಾಡಿ ಹೇಳಲಾರೆ. ವಿಶ್ವವಿದ್ಯಾಲಯದಲ್ಲಿ ನಾನು ಗಟ್ಟಿಯಾಗಿ ಕಲಿತದ್ದು ಅನುಮಾನಪಡುವುದೊಂದನ್ನೇ. ಅದೀಗ ನನ್ನ ನೆನಪಿನ ಮೇಲೆಯೇ ತಿರುಗಿದೆ. ಆದರೂ ಪಕ್ಕದ ಫ್ಲ್ಯಾಟಿನವರು ಊರಿಗೆ ಕಳಿಸುವ ಕಾರ್ಗೋ ಪೆಟ್ಟಿಗೆಗೆ ಟೇಪು ಸುತ್ತುವ ಕರಕರ ಸದ್ದು ಕೇಳಿದರೆ ಸಾಕು, ಅಕ್ಕನ ಮಗಳು ಶ್ರಾವ್ಯ ಕಣ್ಣ ಮುಂದೆ ಬರುತ್ತಾಳೆ, ಒಂದೇ ಕಾಲಿಗೆ ಸಾಕ್ಸ್ ಹಾಕಿಕೊಂಡು.

ಅಕ್ಕನ ಮನೆ ಅಬುಧಾಬಿಯ ಮುಸಫ್ಫಾದಲ್ಲಿತ್ತು. ಗುರುವಾರ ಸಂಜೆ ದುಬೈಯ ನೈಫಿನ ನನ್ನ ಕೋಣೆಯಿಂದ ಬಸ್ಸು ಹಿಡಿದು ಹೋಗುತ್ತಿದ್ದೆ. ನೆಪ, ಹತ್ತನೆಯ ತರಗತಿಯ ಶ್ರಾವ್ಯಳಿಗೆ ಗಣಿತ. ನಿಜ, ಅಕ್ಕನ ನೀರುದೋಸೆ. ಅಂಥ ಹುಡುಗಿ ನಿಮಗೂ ಗೊತ್ತಿರಬಹುದು. ಲೆಕ್ಕದ ನಡುವೆ ಪೆನ್ಸಿಲ್ ತರಲು ಎದ್ದವಳು ಪೆನ್ಸಿಲ್ ಮರೆತು ಫ್ರಿಜ್ಜಿನ ಮುಂದೆ ಹಾಡುತ್ತ ನಿಂತಿರುತ್ತಾಳೆ. ಶಾಲೆಯ ಕೌನ್ಸೆಲರ್, ಗಮನ ಒಂದೆಡೆ ನಿಲ್ಲದ ಎಡಿಎಚ್‌ಡಿ ಇರಬಹುದು, ಡಾಕ್ಟರಿಗೆ ತೋರಿಸಿ ಎಂದಿದ್ದರು. ಮೊದಮೊದಲು ನಾನೂ ನಂಬಲಿಲ್ಲ. ನಂಬದಿರುವುದರಲ್ಲಿ ಭಾವ ನನಗಿಂತ ಮುಂದೆ.

"ಎಂತ ಕಾಯಿಲೆಯೂ ಇಲ್ಲ ಮಾರಾಯ, ಉದಾಸೀನ! ಇನ್ನೊಮ್ಮೆ ಮನೆ ಕೀ ಕಳೆದ್ರೆ ಖಲಾಸ್, ಮಂಗಳೂರಿನ ಹಾಸ್ಟೆಲ್."

ಅದು ಬರೀ ಬೆದರಿಕೆಯಲ್ಲ. ಗಲ್ಫಿನವರು ಹಿಡಿತಕ್ಕೆ ಸಿಗದ ಮಕ್ಕಳನ್ನು ಹೀಗೆ ಊರಿಗೆ ಕಳಿಸುವುದುಂಟು. ಭಾವ ಹಾಸ್ಟೆಲ್ಲಿನವರೊಡನೆ ಮಾತಾಡಿಯೂ ಆಗಿತ್ತು.

ನಾನು ಅವಳ ಕೀಗೆ ಅಗಲವಾದ ಕಿತ್ತಳೆ ರಿಬ್ಬನ್ ಕಟ್ಟಿ ಬಾಗಿಲ ಪಕ್ಕದ ಮೊಳೆಗೆ ತೂಗುಹಾಕಿಸಿದೆ. ಅವಳ ಕಪಾಟಿನ ಬಾಗಿಲು ಬಿಚ್ಚಿಸಿದೆ. ಮುಚ್ಚಿಟ್ಟ ವಸ್ತು ಅವಳ ಪಾಲಿಗೆ ಜಗತ್ತಿನಲ್ಲೇ ಇರುತ್ತಿರಲಿಲ್ಲ. ಓದುವಾಗ ಪಕ್ಕದಲ್ಲಿ ಯಾರಾದರೂ ಸುಮ್ಮನೆ ಕೂತಿದ್ದರೆ ಅವಳೂ ಕೂರುತ್ತಿದ್ದಳು. ಮೊದಲು ಚಡಪಡಿಸಿ ಏಳುತ್ತಿದ್ದವನು ನಾನೇ. "ಮಾಮ, ಸಿಟ್ ಯಾ!" ಎಂದು ಗದರುತ್ತಿದ್ದಳು.

ಒಂದು ಶುಕ್ರವಾರ ಮೊಳೆ ಖಾಲಿ. ಅದೇ ವಾರ ಸಾಬೂನು, ಹಾಲಿನ ಪುಡಿ, ಹಳೆಯ ಬಟ್ಟೆ ತುಂಬಿದ ಪೆಟ್ಟಿಗೆ ಊರಿಗೆ ಹೋಗಿತ್ತು. ಮುಂದಿನ ಪೆಟ್ಟಿಗೆ ಆಗಲೇ ನಡುಕೋಣೆಯಲ್ಲಿ ಬಾಯಿ ತೆರೆದು ಕೂತಿತ್ತು.

"ಐ ಸ್ವೇರ್ ಮಾಮ, ಅಲ್ಲೇ ಹಾಕಿದ್ದೆ."

ಅವಳ ಮಾತನ್ನು ಅವಳೇ ಪೂರ್ತಿ ನಂಬಿದಂತೆ ಕಾಣಲಿಲ್ಲ. ಆ ಖಾಲಿ ಪೆಟ್ಟಿಗೆ ನೋಡುತ್ತ, "ನನ್ನನ್ನೂ ಇದ್ರಲ್ಲೇ ಪ್ಯಾಕ್ ಮಾಡಿ" ಎಂದಳು. ಅಥವಾ ಅದು ನಾನು ಆಮೇಲೆ ಅವಳ ಬಾಯಿಗೆ ಇಟ್ಟ ಮಾತೋ. ಈಚೆಗೆ ಕೇಳಿದರೆ ಅವಳಿಗೂ ನೆನಪಿಲ್ಲ.

ನಾನು ಭಾವನೆದುರು ಮೆದುಳು, ಗಮನ, ತಾಳ್ಮೆ ಎಂದು ದೊಡ್ಡ ಭಾಷಣವನ್ನೇ ಮಾಡಿದೆ. ಅವರು ಟಿವಿಯಿಂದ ಕಣ್ಣು ತೆಗೆಯಲಿಲ್ಲ. ಕೆಲವು ವಾರಗಳ ಬಳಿಕ ಒಂದು ಸಂಜೆ, ಯಾರೂ ಕೇಳದೆಯೇ, "ಹಾಸ್ಟೆಲ್ ಬೇಡ. ಡಾಕ್ಟರಿಗೆ ತೋರಿಸುವ" ಎಂದರು. ಶ್ರಾವ್ಯ ಉಳಿದಳು. ಅದು ನನ್ನ ವಾದದ ಗೆಲುವೆಂದು ವರ್ಷಗಟ್ಟಲೆ ಬೀಗಿದೆ.

ಕಳೆದ ರಜೆಯಲ್ಲಿ ಉಡುಪಿಗೆ ಹೋದಾಗ ಭಾವನ ಅಮ್ಮನನ್ನು ಮಾತಾಡಿಸಲು ಹೋಗಿದ್ದೆ. ಅವರ ಅಡುಗೆಮನೆಯ ಗೋಡೆಯ ಮೊಳೆಯಲ್ಲಿ ಕಿತ್ತಳೆ ರಿಬ್ಬನ್ನಿನ ಕೀ ಕಂಡು, ಅದೆಲ್ಲಿಯದೆಂದು ಅವರನ್ನು ಕೇಳಿದೆ.

"ಅದಾ? ಕಾರ್ಗೋದಲ್ಲಿ ಮಗನ ಹಳೆ ಪ್ಯಾಂಟು ಬಂದಿತ್ತಲ್ಲ, ಅದ್ರ ಕಿಸೆಯಲ್ಲಿತ್ತು. ಫೋನ್ ಮಾಡಿದ್ರೆ, ಯಾರಿಗೂ ಹೇಳ್ಬೇಡ ಅಂದ. ತನ್ನ ಕೀ ಎಲ್ಲೋ ಬಿಟ್ಟು ಮಗಳದ್ದು ತಕ್ಕೊಂಡದ್ದಂತೆ! ಒಂದೇ ಚಪ್ಪಲಿ ಹಾಕಿ ಶಾಲೆಗೆ ಹೋದವ ಅಲ್ವಾ ಅವ!"

ಪಕ್ಕದ ಮನೆಯ ಟೇಪಿನ ಸದ್ದು ಈಗ ನಿಂತಿದೆ. ಬಾಕಿ ಯಾವುದಕ್ಕೂ ನಾನು ಹೊಣೆಯಲ್ಲ. ಆದರೆ ಆ ದಿನ ಉಡುಪಿಯ ಮೊಳೆಯಿಂದ ಕೀ ಇಳಿಸಿ ತಿರುಗಿಸಿ ನೋಡಿದ್ದೇನೆ: ರಿಬ್ಬನ್ನಿನ ಗಂಟು ನಾನು ಹಾಕಿದ್ದೇ.