ಕುದೂರು ಬಸ್ಸಿನ ಹೋಲ್ಡಾನ್

ನಮ್ಮ ರಾಮನಗರದ ಕಚೇರಿಗೆ ಹೊಸದಾಗಿ ಬಂದಿರುವ ವರದಿಗಾರ್ತಿ ಮೊನ್ನೆ ಫೋನಿನಲ್ಲಿ ಯಾರಿಗೋ ‘ಹೋಲ್ಡ್ ಆನ್’ ಎಂದಳು. ಮೃದುವಾಗಿ, ಎರಡು ಪದಗಳನ್ನೂ ಬಿಡಿಸಿ. ಆ ಕಡೆಯವರು ಕಾದರೋ ಇಲ್ಲವೋ ತಿಳಿಯದು. ನಾನಂತೂ ಕುಳಿತಲ್ಲೇ ಕಾಲೂರಿ ಎದುರಿನ ಮೇಜನ್ನು ಹಿಡಿದುಕೊಂಡೆ. ಬಸ್ಸು ನಿಲ್ಲುತ್ತದೆ ಎಂದು ಮೈ ತಾನೇ ತೀರ್ಮಾನಿಸಿತ್ತು.

ನಿಘಂಟು ತೆಗೆದು ನೋಡಿ. ತಾಳು, ಕಾಯು, ಬಿಗಿಯಾಗಿ ಹಿಡಿದುಕೊ, ಕಷ್ಟದಲ್ಲಿ ಕೈಬಿಡಬೇಡ ಎಂಬ ಅರ್ಥಗಳೆಲ್ಲ ಈ ಮಾತಿಗಿವೆ. ಬಸ್ಸು ನಿಲ್ಲಿಸು ಎಂಬುದೊಂದು ಇಲ್ಲ. ನಮ್ಮ ಮಾಗಡಿ ಸೀಮೆಯಲ್ಲಿ ಮೊದಲ ಅರ್ಥವೇ ಅದು. ಕಂಡಕ್ಟರ್ ‘ರೈಟ್’ ಎಂದರೆ ಬಸ್ಸು ಹೊರಡಬೇಕು, ‘ಹೋಲ್ಡಾನ್’ ಎಂದರೆ ನಿಲ್ಲಬೇಕು. ಆಮೇಲೆ ಆ ಮಾತೂ ಬಸ್ಸಿನಿಂದ ಇಳಿದು ಊರೊಳಗೆ ಬಂತು. ಟ್ರ್ಯಾಕ್ಟರನ್ನು ಹಿಂದಕ್ಕೆ ತೆಗೆಯುವವನಿಗೆ ಹೋಲ್ಡಾನ್. ಹರಟೆಯಲ್ಲಿ ನಡುವೆ ಬಾಯಿ ಹಾಕಿದವನಿಗೆ ‘ಹೋಲ್ಡಾನ್ ಕಣ್ಲಾ, ಒಸಿ ತಡ್ಕೊ’. ನಮ್ಮ ತಾತ ಎರಡನೆಯ ಮುದ್ದೆ ಬೇಡವೆನ್ನಲು ತಟ್ಟೆಯ ಮೇಲೆ ಕೈ ಅಡ್ಡ ಹಿಡಿದು ಗಂಭೀರವಾಗಿ ಹೋಲ್ಡಾನ್ ಎನ್ನುತ್ತಿದ್ದರು. ಅಜ್ಜಿ ಅದಕ್ಕೆ ಕಿವಿಗೊಟ್ಟದ್ದನ್ನು ನಾನು ಒಮ್ಮೆಯೂ ನೋಡಿಲ್ಲ.

ನಾನು ಕುದೂರಿನಿಂದ ಮಾಗಡಿಗೆ ದಿನವೂ ಓಡಾಡಿ ಸುದ್ದಿ ಬರೆಯುತ್ತಿದ್ದ ಕಾಲದಲ್ಲಿ ನಮ್ಮ ಬೆಳಗಿನ ಬಸ್ಸಿಗೆ ಗಿರಿಜಮ್ಮ ಎಂಬ ಕಂಡಕ್ಟರ್ ಬಂದಳು. ಟಿಕೆಟ್ ಕೊಡುವುದರಲ್ಲಿ ಚುರುಕು, ಚಿಲ್ಲರೆಗೆ ಜಗಳವಿಲ್ಲ. ಕೊರತೆ ಒಂದೇ, ದನಿ ಏಳುತ್ತಿರಲಿಲ್ಲ. ಕೊರಳಲ್ಲಿ ಸೀಟಿಯೇನೋ ಇತ್ತು. ಆದರೆ ಹಿಂದಿನ ಸೀಟಿನ ಹುಡುಗರೂ ಸೀಟಿ ಹೊಡೆಯುತ್ತಿದ್ದುದರಿಂದ ಡ್ರೈವರ್ ಸಿದ್ದಲಿಂಗಣ್ಣ ಅದನ್ನು ನಂಬುವುದನ್ನು ಎಂದೋ ಬಿಟ್ಟಿದ್ದರು. ಹೋಲ್ಡಾನ್ ಕೇಳಿಸಿದರೆ ಬ್ರೇಕು, ಇಲ್ಲದಿದ್ದರೆ ಮಾಗಡಿ.

‘ಏನವ್ವ, ಹೋಲ್ಡಾನ್ ಅಂತಿದ್ದೀಯೋ ಮಂತ್ರ ಹೇಳ್ತಿದ್ದೀಯೋ? ನಂಗಂತೂ ಕೇಳಾಕಿಲ್ಲ’ ಎಂದು ಅವರು ಕನ್ನಡಿಯಲ್ಲಿ ನೋಡಿ ಹೇಳಿದಾಗ ಬಸ್ಸೆಲ್ಲ ನಕ್ಕಿತು. ಗಿರಿಜಮ್ಮ ನಗಲಿಲ್ಲ. ಆಕೆಯ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಸ್ಟಾಪು ದಾಟಿಸಿದರೆಂದು ಒಬ್ಬರು ದೂರು ಕೊಟ್ಟರೂ ಅದು ಉಳಿಯುವುದು ಅನುಮಾನವಾಗಿತ್ತು. ಉಳಿದರೆ ಮಗಳಿಗೆ ಮಾಗಡಿಯ ಕಾಲೇಜು, ಇಲ್ಲದಿದ್ದರೆ ಮನೆಯವರು ಆಗಲೇ ನೋಡಿಟ್ಟಿದ್ದ ಗಂಡು. ಇದನ್ನು ಆಕೆ ನನಗೆ ಹೇಳಲಿಲ್ಲ. ಮಹಿಳೆಯರ ಸೀಟಿನಲ್ಲಿ ಆಡಿದ್ದು ಮೂರು ಸಾಲು ಹಿಂದಿದ್ದ ನನಗೂ ಕೇಳಿಸಿತು, ಅಷ್ಟೇ. ಸುದ್ದಿಯವನ ಕಿವಿ.

ಆ ಸೀಟಿನ ಯಜಮಾನಿ ಗುಡೇಮಾರನಹಳ್ಳಿಯ ನಿಂಗಜ್ಜಿ. ಕುದೂರಿನ ಮಗಳ ಮನೆಗೂ ತನ್ನೂರಿಗೂ ಓಡಾಡುತ್ತಿದ್ದವಳು. ಹೊಲಕ್ಕೆ ಎತ್ತು ನುಗ್ಗಿದರೆ ಹೆಂಗೆ ಕೂಗುತ್ತೀಯೋ ಹಂಗೆ ಕೂಗು ಎಂದು ಆಕೆ ಪಾಠ ಶುರು ಮಾಡಿದಳು.

‘ನಮ್ಮನೇಲಿ ಕೂಗೋರೆಲ್ಲ ಗಂಡಸ್ರೇ ಅಜ್ಜಿ’ ಎಂದಳು ಗಿರಿಜಮ್ಮ.

ನಿಂಗಜ್ಜಿ ಬಾಯಲ್ಲಿದ್ದ ಎಲೆ ಅಡಿಕೆಯನ್ನು ಇನ್ನೊಂದು ದವಡೆಗೆ ಸರಿಸಿದಳು. ‘ಅಂಗಾರೆ ನೀನು ಕಲಿಯೋಗಂಟ ನಾವು ಕೂಗ್ತೀವಿ ಬುಡು.’

ಮರುದಿನದಿಂದ ಯಾರಾದರೂ ಇಳಿಯಲು ಎದ್ದರೆ ಮಹಿಳೆಯರ ಸೀಟುಗಳಿಂದ ಒಟ್ಟಾಗಿ ಹೋಲ್ಡಾನ್ ಏಳುತ್ತಿತ್ತು. ಹೂವಿನವರು, ಗಾರ್ಮೆಂಟ್ಸಿಗೆ ಹೋಗುವವರು, ಆಸ್ಪತ್ರೆಗೆ ಹೊರಟ ಬಸುರಿಯರು, ಎಲ್ಲರೂ ಸೇರಿ. ಉತ್ಸಾಹಕ್ಕೆ ಒಮ್ಮೆ ನಾನೂ ಕೂಗಿದೆ. ಓದಿದವನಲ್ಲವೇ, ಎರಡು ಪದಗಳನ್ನೂ ಬಿಡಿಸಿ ಸ್ಪಷ್ಟವಾಗಿ ಕೂಗಿದೆ. ಬಸ್ಸು ನಿಲ್ಲಲಿಲ್ಲ. ‘ಪೇಪರಪ್ಪ, ನೀನು ಸುಮ್ಕಿರು. ಅದು ಇಂಗ್ಲೀಸ್ ಆಗೋಯ್ತು’ ಎಂದಳು ನಿಂಗಜ್ಜಿ.

ಒಂದು ಬೆಳಗ್ಗೆ ನಡುದಾರಿಯಲ್ಲಿ ಚೆಕಿಂಗಿನವರು ಹತ್ತಿದರು. ಟಿಕೆಟ್ಟುಗಳನ್ನು ನೋಡಿ ಮುಗಿಸಿ ಇಳಿಯದೆ, ಡ್ರೈವರ್ ಪಕ್ಕ ನಿಂತು ಗಿರಿಜಮ್ಮನನ್ನೇ ನೋಡತೊಡಗಿದರು. ಮಹಿಳೆಯರ ಸೀಟುಗಳು ಮೌನವಾದವು. ಈಗ ಕೂಗಿದರೆ ಆಕೆಯ ಕೊರತೆಯನ್ನು ತಾವೇ ತೋರಿಸಿಕೊಟ್ಟಂತೆ ಎಂಬುದು ಎಲ್ಲರಿಗೂ ಹೊಳೆದಿರಬೇಕು. ಗುಡೇಮಾರನಹಳ್ಳಿ ಹತ್ತಿರವಾಯಿತು. ನಿಂಗಜ್ಜಿ ಎದ್ದು ಬಾಗಿಲಿಗೆ ಬಂದು ಕಂಬಿ ಹಿಡಿದು ನಿಂತಳು. ಬಸ್ಸಿನಲ್ಲೇ ದೊಡ್ಡ ಬಾಯಿಯ ಆ ಮುದುಕಿ ತುಟಿ ಬಿಚ್ಚಲಿಲ್ಲ. ಗಿರಿಜಮ್ಮ ಹೋಲ್ಡಾನ್ ಎಂದಳು. ಅದು ಎಂದಿನ ದನಿ. ಬಸ್ಸು ವೇಗ ಇಳಿಸಲಿಲ್ಲ. ಸ್ಟಾಪಿನ ಹುಣಸೆಮರ ಕಿಟಕಿಗೆ ಬಂತು. ನಿಂಗಜ್ಜಿ ತಿರುಗಿ ಗಿರಿಜಮ್ಮನ ಮುಖ ನೋಡಿದಳು.

ಆಗ ಬಂದ ಹೋಲ್ಡಾನ್ ಎಲ್ಲಿಂದ ಬಂತೆಂದು ಹುಡುಕಲು ನಾನು ತಲೆ ಎತ್ತುವಷ್ಟರಲ್ಲಿ ಆ ತಲೆ ಮುಂದಿನ ಸೀಟಿನ ಕಂಬಿಗೆ ಬಡಿದಿತ್ತು. ಬಸ್ಸು ಮರ ದಾಟಿ ಒಂದು ಮಾರು ದೂರದಲ್ಲಿ ನಿಂತಿತ್ತು. ಗಿರಿಜಮ್ಮ ತನ್ನ ದನಿಗೆ ತಾನೇ ಬೆದರಿದವಳಂತೆ ಬಾಯಿಗೆ ಕೈ ಇಟ್ಟುಕೊಂಡಿದ್ದಳು. ಸಿದ್ದಲಿಂಗಣ್ಣ ಈ ಸಲ ಕನ್ನಡಿಯಲ್ಲಲ್ಲ, ಹೊರಳಿಯೇ ನೋಡಿದರು. ‘ಕೇಳುಸ್ತು ಕಣವ್ವ. ನಂಗೂ ಕಿವಿ ಐತೆ.’

ಚೆಕಿಂಗಿನವರು ದೂರೇನೂ ಬರೆದುಕೊಳ್ಳದೆ ಅಲ್ಲೇ ಇಳಿದು ಹೋದರು. ನಿಂಗಜ್ಜಿ ಸುಮ್ಮನಿದ್ದದ್ದು ಹೆದರಿಯೋ, ಬೇಕೆಂದೋ? ಕೇಳಿ ಖಚಿತಪಡಿಸಿಕೊಳ್ಳಬೇಕಿತ್ತು. ಕೇಳಲಿಲ್ಲ. ಹಾಗಾಗಿ ಬರೆಯುವುದಿಲ್ಲ. ಆ ವರ್ಷ ಗಿರಿಜಮ್ಮನ ಮಗಳು ಕಾಲೇಜು ಸೇರಿದ್ದು ಮಾತ್ರ ಖಚಿತ. ಅದೇ ಬಸ್ಸಿನಲ್ಲಿ, ನನ್ನ ಹಿಂದಿನ ಸೀಟಿನಲ್ಲಿ ಕೂರುತ್ತಿದ್ದಳು.

ನಿನ್ನೆ ರಾಮನಗರದ ಬಸ್ ನಿಲ್ದಾಣ ತಲುಪುವಷ್ಟರಲ್ಲಿ ಮಾಗಡಿಯ ಬಸ್ಸು ಗೇಟಿನತ್ತ ತಿರುಗಿತ್ತು. ವಯಸ್ಸಿಗೆ ಒಪ್ಪದ ಓಟ ಓಡಿದೆ. ಬಾಗಿಲಲ್ಲಿದ್ದ ಕಂಡಕ್ಟರ್ ಆ ಕಡೆ ಮುಖ ಮಾಡಿದ್ದಳು. ಸುತ್ತ ಕಾಲೇಜು ಮಕ್ಕಳು, ಪರಿಚಯದ ಇಬ್ಬರು ವಕೀಲರು. ಒಂದು ಕ್ಷಣ ಮಾನ ನೋಡಿಕೊಂಡೆ. ಆಮೇಲೆ ಹೊಟ್ಟೆಯಿಂದ ದನಿ ತೆಗೆದು, ಪದಗಳನ್ನು ಬಿಡಿಸದೆ, ಹೊಲಕ್ಕೆ ಎತ್ತು ನುಗ್ಗಿದ್ದನ್ನು ಕಂಡವನ ಹಾಗೆ ಕೂಗಿದೆ.

ಬಸ್ಸು ನಿಂತಿತು. ಏದುಸಿರು ಬಿಡುತ್ತ ಹತ್ತಿದಾಗ ಕಂಡಕ್ಟರ್ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಕಿವಿಯ ಪಕ್ಕ ಕೂದಲು ನರೆತಿತ್ತು. ಗುರುತು ಹಿಡಿಯಲು ನನಗೇ ತಡವಾಯಿತು.

‘ಈಗ ಬಂತು ನೋಡಿ ಅಣ್ಣ’ ಎಂದು ನಕ್ಕ ಗಿರಿಜಮ್ಮ ಮುಂದಕ್ಕೆ ತಿರುಗಿ, ಬಸ್ಸಿನ ಗಾಜು ಅದುರುವಂತೆ ‘ರೈಟ್’ ಎಂದಳು.