ಸಿದ್ದಕ್ಕನ ಪಾಲಿನ ಬೆಲ್ಲ

ಹಳಿಯಾಳದ ಮುದಕಪ್ಪ ಕಾಕಾ ತೀರಿಕೊಂಡ ಮೇಲೆ ಎಲ್ಲರೂ ಅವರನ್ನು ಹೊಗಳುತ್ತಾರೆ. ಸತ್ತವರನ್ನು ಹೊಗಳಿದರೆ ಯಾರ ಗಂಟೇನು ಹೋಗುತ್ತದೆ? ಇದೇ ಬಾಯಿಗಳು ಮೂರು ವರ್ಷ ಏನೇನು ಆಡಿದವೆಂದು ನಾನು ಕೇಳಿದ್ದೇನೆ. ನಾನು ಒಂದೇ ಒಂದು ಮಾತು ಹೇಳಿದ್ದರೆ ಅವು ಮುಚ್ಚುತ್ತಿದ್ದವು. ನಾನು ಹೇಳಲಿಲ್ಲ. ಈಗ ಹೇಳುತ್ತೇನೆ.

ಕಾಕಾ ವಯಸ್ಸಿನಲ್ಲಿದ್ದಾಗ ಜೋಯಿಡಾದ ಕಾಡಿನಿಂದ ತೇಗದ ದಿಮ್ಮಿ ಸಾಗಿಸುವ ಗಾಡಿ ಹೊಡೆದವರು. ಗಾಡಿ ಬಿಟ್ಟ ಮೇಲೂ ಅವರ ಕಾಲು ಆ ದಾರಿ ಬಿಡಲಿಲ್ಲ. ದೀಪಾವಳಿ ಕಳೆದು ಹಳ್ಳಗಳ ನೀರು ಇಳಿದೊಡನೆ ಏಳು ಮಂದಿಯನ್ನು ಕಟ್ಟಿಕೊಂಡು ಉಳವಿಗೆ ನಡೆದೇ ಹೊರಡುವರು. ಕಲ್ಯಾಣ ಬಿಟ್ಟು ಬಂದ ಶರಣರು ನಡೆದ ದಾರಿ ಅದು. ಜಾತ್ರೆಯ ದಿನಗಳಲ್ಲಿ ಸಾಲುಸಾಲು ಗಾಡಿಗಳು ಹೋಗುತ್ತವೆ, ಆದರೆ ಕಾಕಾಗೆ ಅದು ಸೇರದು. "ಆ ಗದ್ದಲದಾಗ ದಾರಿ ಎಲ್ಲಿ ಕಾಣತೈತಿ? ಬರೇ ಮುಂದಿನ ಗಾಡಿ ಕಾಣತೈತಿ," ಅನ್ನುವರು. ಯಾವ ಬಂಡೆಯ ಮೇಲೆ ಶರಣರು ಕೂತಿದ್ದರು, ಯಾವ ಗವಿಯಲ್ಲಿ ಮಳೆಗಾಲ ಕಳೆದರು ಎಂದು ದಾರಿಯುದ್ದಕ್ಕೂ ಹೇಳುವರು. ಗೊತ್ತಿಲ್ಲದ ಕಡೆ ಕಟ್ಟಿಯೂ ಹೇಳುವರು.

"ಇದು ಖರೇ ಏನ್ರೀ ಕಾಕಾ?" ಎಂದು ನಾನೊಮ್ಮೆ ಕೇಳಿದೆ.

"ನಿನ್ನ ಕಾಲಿಗೆ ಬಲಾ ಬಂತಿಲ್ಲೋ? ಬಂತಂದ್ರ ಖರೇ," ಅಂದರು.

ಏಳಕ್ಕಿಂತ ಒಬ್ಬರನ್ನೂ ಹೆಚ್ಚಿಗೆ ಸೇರಿಸುತ್ತಿರಲಿಲ್ಲ. ಅಷ್ಟೂ ಮಂದಿಯನ್ನು ತಿರುಗಿ ಮನೆ ಮುಟ್ಟಿಸುವುದೇ ಅವರ ವ್ರತ. ಆದರೆ ಮನುಷ್ಯರನ್ನು ಬೆರಳು ಮಾಡಿ ಎಣಿಸಬಾರದು, ಎಣಿಸಿದರೆ ಒಂದು ಕಡಿಮೆಯಾಗುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ಅದಕ್ಕೆ ಕಾಕಾ ಬೆಳಿಗ್ಗೆಯೇ ಬೆಲ್ಲವನ್ನು ಏಳೇಳು ಚೂರು ಮಾಡಿ ಎಲೆಯ ಪೊಟ್ಟಣಗಳಲ್ಲಿ ಕಟ್ಟಿಡುತ್ತಿದ್ದರು. ಪ್ರತಿ ಹಳ್ಳ ದಾಟಿದ ಮೇಲೆ ಒಂದು ಪೊಟ್ಟಣ ಬಿಚ್ಚಿ ಹಂಚುವುದು. ಎಲೆ ಬರಿದಾದರೆ ಎಲ್ಲರೂ ಬಂದಿದ್ದಾರೆ, ಚೂರು ಉಳಿದರೆ ಯಾರೋ ಹಿಂದುಳಿದಿದ್ದಾರೆ. ಹಂಚುವಾಗ ಅವರು ಯಾರ ಮುಖವನ್ನೂ ನೋಡುತ್ತಿರಲಿಲ್ಲ, ಚಾಚಿದ ಕೈ ಮಾತ್ರ ನೋಡುತ್ತಿದ್ದರು. ದಾಸೋಹದಲ್ಲಿ ಬಡಿಸುವವನು ಉಣ್ಣುವವರ ಮುಖ ನೋಡಬಾರದು, ನೋಡಿದರೆ ಭೇದ ಹುಟ್ಟುತ್ತದೆ ಎಂದು ಅವರ ಗುರುಗಳು ಕಲಿಸಿದ್ದರಂತೆ.

ಸಾವಿರದ ಒಂಬೈನೂರ ಅರವತ್ತೊಂದರಲ್ಲಿ ದಾಂಡೇಲಿಯಿಂದ ನಾನೂ ಸಿದ್ದಕ್ಕನೂ ಹೊರಟೆವು. ಕಾಗದದ ಕಾರ್ಖಾನೆಯ ಕೆಲಸಗಾರರ ಸಾಲುಮನೆಗಳಲ್ಲಿ ನಮ್ಮ ಗೋಡೆ, ಅವರ ಗೋಡೆ ಒಂದೇ. ಅವಳ ಗಂಡ ಈಶಪ್ಪನಿಗೆ ಬಿದಿರಿನ ಅಂಗಳದಲ್ಲಿ ಕೆಲಸ. ಮೊಣಕಾಲು ನೋವಿನ ಹೆಂಡತಿಯನ್ನು ಅಷ್ಟು ದೂರ ಕಳಿಸಲು ಅವನಿಗೆ ಮನಸ್ಸಿರಲಿಲ್ಲ. "ನಾ ಅದೀನಲ್ರೀ ಅಣ್ಣಾರ, ನೋಡ್ಕೋತೇನಿ," ಎಂದು ಒಪ್ಪಿಸಿದವಳು ನಾನೇ.

ಮೊದಲ ದಿನ ಜೋಯಿಡಾ, ಎರಡನೆಯ ದಿನ ಕುಂಬಾರವಾಡ. ಸಿದ್ದಕ್ಕ ಕುಂಟುತ್ತಿದ್ದಳು, ಆದರೆ ಬಾಯಿ ಮಾತ್ರ ಕುಂಟಲಿಲ್ಲ. ತವರಿನ ಎಮ್ಮೆಯಿಂದ ಹಿಡಿದು ನಾದಿನಿಯ ಜಗಳದವರೆಗೆ ಎಲ್ಲವನ್ನೂ ನನ್ನ ಕಿವಿಗೆ ಸುರಿದಳು. ನಿಜ ಹೇಳುತ್ತೇನೆ, ಮೂರನೆಯ ದಿನ ನನಗೆ ಸಾಕಾಗಿ ಹೋಗಿತ್ತು. ಮಧ್ಯಾಹ್ನ ಬುತ್ತಿ ಬಿಚ್ಚಿ ಉಂಡ ಮೇಲೆ ಅವಳು ಮೊಣಕಾಲಿಗೆ ಎಣ್ಣೆ ತಿಕ್ಕುತ್ತ ಅಂದಳು: "ನೀ ನಡಿ ಗಂಗವ್ವಾ, ಹಿಂದಽ ಬರ್ತೇನಿ. ಬೆಲ್ಲಾ ಕೊಟ್ರ ನನ್ನ ಪಾಲು ತಗೊಂಡಿರು." ನಾನು ಸಂತೋಷದಿಂದಲೇ ಮುಂದೆ ಹೋದೆ.

ಹಳ್ಳ ದಾಟಿದಾಗ ಹೊತ್ತು ಇಳಿಯತೊಡಗಿತ್ತು, ಎಲ್ಲರಿಗೂ ಅವಸರ. ಕಾಕಾ ಪೊಟ್ಟಣ ಬಿಚ್ಚಿದರು. ನಾನು ಬಲಗೈ ಚಾಚಿ ಒಂದು ಚೂರು ತೆಗೆದುಕೊಂಡೆ. ಇನ್ನೊಬ್ಬರ ತೋಳಿನ ಸಂದಿನಿಂದ ಎಡಗೈ ಚಾಚಿ ಇನ್ನೊಂದು ತೆಗೆದುಕೊಂಡೆ. ಬಾರದವರ ಪ್ರಸಾದ ಬಂದವರು ಒಯ್ಯುವುದು ನಮ್ಮಲ್ಲಿ ತಪ್ಪೇ ಅಲ್ಲ. ಅದು ಪ್ರಸಾದವಲ್ಲ, ಎಣಿಕೆ ಎಂಬುದು ಆ ಗಳಿಗೆಯಲ್ಲಿ ನನಗೆ ಹೊಳೆಯಲಿಲ್ಲ. ಎಲೆ ಬರಿದಾಯಿತು. "ಹರಹರ, ನಡೀರಿ," ಅಂದರು ಕಾಕಾ. ಎರಡನೆಯ ಚೂರನ್ನು ಸೆರಗಿನ ತುದಿಗೆ ಗಂಟು ಹಾಕಿ ನಾನು ನಡೆದೆ. ಎಲ್ಲರ ಹಿಂದೆ ನಡೆಯುತ್ತಿದ್ದ ನಮ್ಮ ಜೊತೆಯ ಅಡಿವೆಯ್ಯ ಬುತ್ತಿ ಉಂಡ ಜಾಗದಲ್ಲಿ ಯಾರೂ ಉಳಿದಿಲ್ಲ ಎಂದು ನೋಡಿಯೇ ಹೊರಟಿದ್ದ, ಸಿದ್ದಕ್ಕ ಹೆಂಗಸರ ಜೊತೆ ಮುಂದಿದ್ದಾಳೆ ಅಂದುಕೊಂಡಿದ್ದ. ಅವನೂ ಬಂದು ಬೆಲ್ಲ ತೆಗೆದುಕೊಂಡದ್ದನ್ನು ಆ ಅವಸರದಲ್ಲಿ ನೋಡದ ನಾನು, ಅವಳು ಅಡಿವೆಯ್ಯನ ಜೊತೆ ಹಿಂದಿದ್ದಾಳೆ ಅಂದುಕೊಂಡಿದ್ದೆ.

ಉಳವಿ ಮುಟ್ಟಿ ಕೈಕಾಲು ತೊಳೆಯುವಾಗ ಅವಳಿಲ್ಲ ಎಂದು ಗೊತ್ತಾಯಿತು. ಕಾಕಾ ಒಂದು ಗುಟುಕು ನೀರನ್ನೂ ಕುಡಿಯದೆ, ಊರಿನ ಇಬ್ಬರನ್ನು ಕರೆದುಕೊಂಡು ಬಂದ ದಾರಿಗೇ ತಿರುಗಿದರು. ಎಲೆ ಬರಿದಾಗಿದ್ದರಿಂದ ಅವಳು ಹಳ್ಳ ದಾಟಿದ್ದಾಳೆಂದೇ ನಂಬಿ ಹಳ್ಳದವರೆಗೆ ಕೂಗುತ್ತ ಹೋದರಂತೆ. ಅವಳು ಅಲ್ಲಿರಲಿಲ್ಲ.

ಮರುದಿನ ಮಧ್ಯಾಹ್ನ ಸಿಕ್ಕಳು. ಬಿದಿರು ಸಾಗಿಸಲು ಆ ವರ್ಷ ಹಳ್ಳಕ್ಕಿಂತ ಹಿಂದೆ ಹೊಸ ಲಾರಿದಾರಿ ಕಡಿದಿದ್ದರು. ಅಗಲವಾಗಿದ್ದ ಆ ದಾರಿಯೇ ಸರಿ ಅಂದುಕೊಂಡು ಸಿದ್ದಕ್ಕ ಅತ್ತ ಹೊರಳಿದ್ದಳು. ಕಡಿದು ಪೇರಿಸಿದ್ದ ಬಿದಿರಿನ ಒಟ್ಟಿಲಿಗೆ ದಾರಿ ಮುಗಿದಿತ್ತು. "ದಾರಿ ತಪ್ಪಿದ್ರ ಅಡ್ಡಾಡಬ್ಯಾಡ್ರಿ. ತಪ್ಪಿದಲ್ಲೇ ಕೂಡ್ರಿ, ನಾ ತಿರುಗಿ ಬರ್ತೇನಿ," ಎಂದು ಕಾಕಾ ಹೊರಡುವಾಗಲೇ ಎಲ್ಲರಿಗೂ ಹೇಳಿದ್ದರು. ಸಿದ್ದಕ್ಕ ಅವರ ಮಾತು ಮೀರಿರಲಿಲ್ಲ. ಬುತ್ತಿಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು, ಒಟ್ಟಿಲಿಗೆ ಬೆನ್ನು ಕೊಟ್ಟು, ದಾರಿಯ ಕಡೆ ಮುಖ ಮಾಡಿ ಕೂತಿದ್ದಳು. ಜೀವ ಇರಲಿಲ್ಲ. ಮೈಮೇಲೆ ಗಾಯವೂ ಇರಲಿಲ್ಲ. ಕೆಲವರು ಚಳಿ ಅಂದರು, ಕೆಲವರು ಹೆದರಿ ಎದೆ ಒಡೆಯಿತು ಅಂದರು.

ನಮ್ಮಲ್ಲಿ ಸತ್ತವರನ್ನು ಕೂರಿಸಿಯೇ ಮಣ್ಣು ಮಾಡುತ್ತಾರೆ. ಸಿದ್ದಕ್ಕನನ್ನು ಕೂರಿಸುವ ಕಷ್ಟ ಯಾರಿಗೂ ಬೀಳಲಿಲ್ಲ. ಶರಣರ ನೆಲದಲ್ಲಿ ಮಣ್ಣಾದಳು, ಪುಣ್ಯವಂತಿ ಎಂದು ಯಾರೋ ಅಂದರು. ಅವರ ಬಾಯಿಗೆ ಅದೇ ಮಣ್ಣು ಹಾಕಬೇಕು ಅನ್ನಿಸಿತು ನನಗೆ. ಈಶಪ್ಪ ಬಂದವನು ಅಳಲೂ ಇಲ್ಲ, ನನ್ನನ್ನು ಬಯ್ಯಲೂ ಇಲ್ಲ. ಅವಳ ಚಪ್ಪಲಿಗಳನ್ನು ಒರೆಸಿ ಚೀಲದಲ್ಲಿ ಇಟ್ಟುಕೊಂಡ.

ಕಾಕಾ ಎಲ್ಲರ ಎದುರು ತಪ್ಪೊಪ್ಪಿಕೊಂಡರು. "ಬೆಳಿಗ್ಗೆ ಆರಽ ಚೂರು ಮಾಡಿರಬೇಕು. ನನ್ನ ಕೈ ತಪ್ಪೇತಿ," ಅಂದರು. ನನ್ನ ಸೆರಗಿನ ಗಂಟು ತೊಡೆಗೆ ತಾಗುತ್ತಿತ್ತು. ನಾನು ಬಾಯಿ ಬಿಡಲಿಲ್ಲ.

ಮುದುಕನಿಗೆ ಅರಳುಮರಳು, ಏಳರ ತನಕ ಎಣಿಸಲು ಬಾರದವನು ದಾರಿ ತೋರಿಸಲು ಹೊರಟ ಎಂದು ಜನ ಆಡಿಕೊಂಡರು. ಮರುವರ್ಷ ಅವರ ಜೊತೆ ಯಾರೂ ಹೊರಡಲಿಲ್ಲ. ಅವರು ಕರೆಯಲೂ ಇಲ್ಲ. ಬಿತ್ತನೆಯ ಕಾಳು ಅಳೆಯುವುದನ್ನೂ ಬಿಟ್ಟರೆಂದು ಅವರ ಸೊಸೆ ಕಾಶೆವ್ವ ಹೇಳಿದಳು. ಕರುಗಳನ್ನು ಕಟ್ಟಿದ ಮೇಲೆ ಇನ್ನೊಮ್ಮೆ ನೋಡಿ ಬಾ ಎಂದು ಅವಳನ್ನೇ ಕಳಿಸುತ್ತಿದ್ದರಂತೆ. ನಾನು ಆ ಬೆಲ್ಲದ ಚೂರನ್ನು ತಿನ್ನಲಾರದೆ, ಎಸೆಯಲಾರದೆ ಡಬ್ಬಿಯೊಂದರಲ್ಲಿ ಇಟ್ಟಿದ್ದೆ. ಗೋಡೆಯ ಆಚೆ ಈಶಪ್ಪ ಒಬ್ಬನೇ ಒಲೆ ಊದುವ ಸದ್ದು ಕೇಳಿದಾಗಲೆಲ್ಲ ಆ ಡಬ್ಬಿಯ ಕಡೆ ನೋಡುತ್ತಿದ್ದೆ.

ಮೂರನೆಯ ದೀಪಾವಳಿಗೆ ತಡೆಯಲಾಗಲಿಲ್ಲ. ಮೊದಲು ಈಶಪ್ಪನಿಗೆ ಹೇಳಿದೆ. ಅವನು, "ಆ ಮುದುಕಗ ಹೋಗಿ ಹೇಳವ್ವಾ," ಅಂದ. ಡಬ್ಬಿ ಹಿಡಿದು ಹಳಿಯಾಳಕ್ಕೆ ಹೋದೆ. ಕಾಕಾ ಅಂಗಳದಲ್ಲಿ ಹಗ್ಗ ಹೊಸೆಯುತ್ತಿದ್ದರು.

"ಕಾಕಾ, ನಿಮ್ಮ ಕೈ ತಪ್ಪಿಲ್ರೀ. ನೀವು ಏಳಽ ಚೂರು ಮಾಡಿದ್ರಿ. ನಾ ಎರಡು ತಗೊಂಡೆ. ಆಕೀದು ಇಲ್ಲೈತಿ."

ಅವರು ಹಗ್ಗ ಕೆಳಗಿಟ್ಟು ಎರಡೂ ಅಂಗೈ ಬಿಡಿಸಿ ನೋಡಿಕೊಂಡರು. ಬೈಯುತ್ತಾರೆ ಅಂದುಕೊಂಡೆ, ಹೊಡೆದರೂ ಹೊಡೆಯಲಿ ಅಂದುಕೊಂಡೆ.

"ಮೂರು ವರ್ಷ ಆತು ಗಂಗವ್ವಾ," ಅಂದರು. "ಮೂರು ವರ್ಷ ನನ್ನ ಕೈ ನಾನಽ ನಂಬಲಿಲ್ಲ."

ನಾನು ಅವರ ಕಾಲ ಬಳಿ ಕೂತು ಅತ್ತೆ. ಅವರು ತಡೆಯಲಿಲ್ಲ. ಕೊನೆಗೆ, "ನೀ ಎರಡು ತಗೊಂಡಿ, ಖರೇ. ಕೊಟ್ಟಾಂವ ನಾನು. ಮುಖಾ ನೋಡಿ ಕೊಟ್ಟಿದ್ರ ಆಕಿ ಇರ್ತಿದ್ಲು," ಅಂದರು.

ಆ ವರ್ಷ ಕಾಕಾ ಮತ್ತೆ ಹೊರಟರು. ಏಳು ಮಂದಿ ಸಿಗಲಿಲ್ಲ, ನಾವು ನಾಲ್ವರೇ. ಈಶಪ್ಪನೂ ಬಂದಿದ್ದ. ಈಗ ಕಾಕಾ ಹೆಸರು ಹಿಡಿದು ಕರೆದು, ಗಲ್ಲ ಎತ್ತಿ ಮುಖ ನೋಡಿ ಬೆಲ್ಲ ಕೊಡುತ್ತಿದ್ದರು. "ಗುರು ಬೈದ್ರ ಬೈಲಿ," ಅನ್ನುತ್ತಿದ್ದರು.

ಲಾರಿದಾರಿ ಕವಲೊಡೆಯುವ ಕಡೆ ಬಂದೆವು. ಹಳ್ಳ ಇನ್ನೂ ಮುಂದಿತ್ತು, ಆದರೂ ಕಾಕಾ ಅಲ್ಲೇ ಪೊಟ್ಟಣ ಬಿಚ್ಚಿದರು. ನನ್ನ ಸರದಿ ಬಂದಾಗ ಬಲಗೈ ಚಾಚಿದೆ. ಎಡಗೈಯನ್ನು ಸೆರಗಿನೊಳಗೆ ಬಚ್ಚಿಟ್ಟಿದ್ದೆ.

"ಎರಡೂ ಕೈ ಹಿಡಿ," ಅಂದರು.

ಎಡಗೈಯನ್ನೂ ಹೊರತೆಗೆದು ಹಿಡಿದೆ. ಎರಡಕ್ಕೂ ಒಂದೊಂದು ಚೂರು ಹಾಕಿದರು.

"ಆಕೀ ಪಾಲು ಆಕೀಗೆ ಮುಟ್ಟಿಸಿ ಬಾ."

ಕಾಡುಬಳ್ಳಿ ಹಬ್ಬಿದ ಆ ದಾರಿಯಲ್ಲಿ ಒಬ್ಬಳೇ ಹೋದೆ. ಅವಳು ಕೂತಿದ್ದ ಜಾಗದಲ್ಲಿ ಬಿದಿರಿನ ಒಟ್ಟಿಲು ಇರಲಿಲ್ಲ, ಹುಲ್ಲು ಬೆಳೆದಿತ್ತು. ಎಲೆಯೊಂದನ್ನು ಹಾಸಿ ಬೆಲ್ಲ ಇಟ್ಟೆ. "ತಡಾ ಆತು ಸಿದ್ದಕ್ಕಾ," ಅಂದೆ. ಎಷ್ಟು ಹೊತ್ತು ಅಲ್ಲಿ ಕೂತೆನೋ ನೆನಪಿಲ್ಲ.

ತಿರುಗಿ ಬಂದಾಗ ಬಿಸಿಲು ಇಳಿದಿತ್ತು. ಕಾಕಾ, ಈಶಪ್ಪ, ಉಳಿದವರು ಕವಲಿನಲ್ಲೇ ನಿಂತಿದ್ದರು. ಯಾರೂ ಒಂದು ಹೆಜ್ಜೆ ಮುಂದೆ ಹೋಗಿರಲಿಲ್ಲ.